ಎದುರುಬದುರು ಬೀಮ್

ಅಪ್ಪನ ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಹೊರುತ್ತಿದ್ದವರು ಮೂವರೇ. ನಾಲ್ಕನೆಯ ಮೂಲೆ ಹಿಡಿಯಬೇಕಾದ ಮಗ ಗೋಡೆಗೊರಗಿ, ಜೇಬಿನಲ್ಲಿ ಕೈ ತುರುಕಿಕೊಂಡು, ಬೂಟಿನ ತುದಿಯಿಂದ ಮೆಟ್ಟಿಲು ಒದೆಯುತ್ತಿದ್ದ.

“ಲೋ, ಕೈ ಹಾಕೋ,” ಅಂದ ಸೋದರಮಾವ. “ನೆರೆಹೊರೆಯವರ ಮುಂದೆ ಮಾನ ಕಳೀಬೇಡ.”

“ಮುಖ ಕೊಟ್ಟು ಮಾತಾಡದೋರಿಗೆ ಹೆಗಲು ಕೊಡೋದಾ ಮಾವ? ಆ ಮೆಷಿನ್ನೇ ಬಂದು ಹೊರಲಿ.”

ಮೆಷಿನ್ ಅಂದರೆ ಊರಾಚೆಯ ನೆಲದಡಿ ಸುರಂಗ. ಅದರೊಳಗೆ ಕಣಗಳ ಎರಡು ಕಿರಣಗಳು, ಅಲ್ಲಿಯವರ ಬಾಯಲ್ಲಿ ಬೀಮ್, ಎದುರುಬದುರು ಓಡಿ ಡಿಕ್ಕಿ ಹೊಡೆಯುತ್ತವೆ. ಡಿಕ್ಕಿಯ ಗಳಿಗೆ ಬರುವತನಕ ಎರಡನ್ನೂ ದೂರ ಇಡುವುದು ಕಂಟ್ರೋಲ್ ರೂಮಿನಲ್ಲಿ ಅಪ್ಪನ ಕೆಲಸವಾಗಿತ್ತು.

* * *

ಮಗ ಓದು ಬಿಟ್ಟು ಗ್ಯಾರೇಜು ಸೇರಿದ ದಿನ ಅಡುಗೆಮನೆಯಲ್ಲಿ ಅಪ್ಪ, ಮಗ ಇಬ್ಬರೂ ಕೈಕೈ ಮಿಲಾಯಿಸುವುದೊಂದು ಬಾಕಿ. ತಟ್ಟೆ ಒಡೆಯಿತು, ಅಮ್ಮ ಅತ್ತಳು. ಆಮೇಲೆ ಅಪ್ಪ ರಾತ್ರಿ ಪಾಳಿಯನ್ನೇ ಕೇಳಿ ಹಾಕಿಸಿಕೊಂಡ. ಮಗ ಹೊರಡುವ ಹೊತ್ತಿಗೆ ಅಪ್ಪ ಬರುತ್ತಿದ್ದ. ಇದೇ ಮೆಟ್ಟಿಲ ಮೇಲೆ ಒಬ್ಬ ಗೋಡೆಗೆ, ಇನ್ನೊಬ್ಬ ಕಂಬಿಗೆ ಅಂಟಿಕೊಂಡು ಹಾಯುತ್ತಿದ್ದರು. ಭುಜ ತಾಗುತ್ತಿರಲಿಲ್ಲ. ಆದರೂ ಗ್ಯಾರೇಜಿನಲ್ಲಿ ದಿನವಿಡೀ ಮಗನ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ಹಿಡಿದ ಸ್ಪ್ಯಾನರ್ ಜಾರಿ ಬೀಳುತ್ತಿತ್ತು.

* * *

ಅಪ್ಪನ ಪಾಳಿಯ ಜೊತೆಗಾರ್ತಿ ತನ್ನ ಮೂಲೆಯನ್ನು ಕಂಬಿಯ ಮೇಲೆ ಆನಿಸಿ ಉಸಿರೆಳೆದುಕೊಂಡಳು. “ನಿನ್ನ ಮೇಲಿನ ಸಿಟ್ಟಿಗಲ್ಲಪ್ಪ ಅವರು ರಾತ್ರಿ ಪಾಳಿ ಕೇಳಿದ್ದು.”

“ಮತ್ತೆ? ನಿದ್ದೆ ಜಾಸ್ತಿಯಾಗಿತ್ತಾ?”

“ಎರಡು ಬೀಮ್ ಎದುರಾದ್ರೆ ಕಣಕ್ಕೆ ಕಣ ಬಡಿಯೋದು ಅಪರೂಪ ಕಣೋ. ಬಹಳಷ್ಟು ಸುಮ್ಮನೆ ದಾಟಿ ಹೋಗ್ತವೆ. ಆದ್ರೆ ಮುಟ್ಟದೇನೇ ಒಂದನ್ನೊಂದು ಎಳೆದಾಡ್ತವೆ. ತೆಳ್ಳಗಿರೋದು ಊದಿಕೊಂಡು, ಚದುರಿ, ಕೊಳವೆಗೆ ಬಡಿದು ಹಾಳಾಗುತ್ತೆ. ‘ಮನೇಲಿ ನಾನು ದಪ್ಪ ಬೀಮು, ಹುಡುಗ ಇನ್ನೂ ತೆಳು. ಅವನು ಗಟ್ಟಿಯಾಗೋ ತನಕ ದೂರ ಇರ್ತೀನಿ’ ಅಂತಿದ್ರು.”

“ಭಾರಿ ಲೆಕ್ಕಾಚಾರ. ನನ್ನನ್ನ ಒಂದು ಮಾತು ಕೇಳೋಕೇನಾಗಿತ್ತು?”

“ನಾನೂ ಬೈದೆ. ಹತ್ತಿರ ತರೋದೇ ಇಲ್ಲ ಅಂದ್ಮೇಲೆ ಮೆಷಿನ್ ಯಾಕ್ರೀ ಬೇಕು ಅಂದೆ. ‘ಬರೋ ತಿಂಗಳು ಹಗಲು ಪಾಳಿಗೆ ಬರ್ತೀನಿ’ ಅಂದ್ರು ಹೋದ ವಾರ.”

ಮಗನಿಗೆ ಮೈಯೆಲ್ಲ ಉರಿದುಹೋಯಿತು. ಬೈಯೋಣವೆಂದರೆ ಬೈಸಿಕೊಳ್ಳಬೇಕಾದವನು ಮುಚ್ಚಳದ ಕೆಳಗಿದ್ದ. ಕೈ ಜೇಬಿನಿಂದ ಹೊರಬಂತು. ಅವನು ಗೋಡೆಯ ಕಡೆಯ ಮೂಲೆಗೆ ಹೆಗಲು ತೂರಿಸಿದ.

ಪೆಟ್ಟಿಗೆ ತಿರುವಿನಿಂದ ಬಿಡಿಸಿಕೊಂಡು ಅವನತ್ತ ವಾಲಿತು.

“ಸ್ವಲ್ಪ ದೂರ ಹಿಡಿಯೋ, ಜಜ್ಜಿಹೋಗ್ತೀಯ,” ಅಂದ ಮಾವ.

ಅವನು ಸರಿಯಲಿಲ್ಲ. ಬೆನ್ನು ಉಜ್ಜಿದಲ್ಲೆಲ್ಲ ಗೋಡೆಯ ಸುಣ್ಣ ಕಿತ್ತು ಉದುರಿತು. ಒಂದೊಂದು ಮೆಟ್ಟಿಲು ಇಳಿದಾಗಲೂ ಮರದ ಅಂಚು ಅವನ ಕೆನ್ನೆಗೆ ಬಡಿಯಿತು. ಮುಂದಿನ ಮೆಟ್ಟಿಲಿಗೆ ಅವನು ಕೆನ್ನೆಯನ್ನು ಇನ್ನಷ್ಟು ಹತ್ತಿರ ತಂದ.