ಪರದೆಯ ಎರಡೂ ಕಡೆ ಸಂಜೆ ಮೇಡಂ

ನಮ್ಮ ಕಾಲೇಜಿನ ಮೆಟ್ಟಿಲು ಹತ್ತಿದರೆ ಎದುರು ಗೋಡೆಯಲ್ಲಿ ಖಾಯಂ ಅಧ್ಯಾಪಕರ ಫೋಟೋಗಳು ಸಾಲಾಗಿ ಕಾಣುತ್ತವೆ. ಎಲ್ಲರೂ ಗಂಡಸರು, ಎಲ್ಲರಿಗೂ ಕನ್ನಡಕ, ಎಲ್ಲರಿಗೂ ಒಟ್ಟಿಗೆ ಹೊಟ್ಟೆನೋವು ಶುರುವಾದ ಹಾಗಿನ ಮುಖ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅವೆಲ್ಲ ಒಬ್ಬರದೇ ಬೇರೆ ಬೇರೆ ವಯಸ್ಸಿನ ಫೋಟೋ ಅಂದುಕೊಂಡು, ಈ ಸಂಸ್ಥಾಪಕರು ಇನ್ನೂ ಇದ್ದಾರಾ ಎಂದು ಕೇಳಿಬಿಟ್ಟಳು. ಮಾತು ಆಡಳಿತ ಮಂಡಳಿಯ ಕಿವಿಗೆ ಬಿತ್ತು. ಪ್ರಿನ್ಸಿಪಾಲರ ನಿದ್ದೆ ಹಾರಿಹೋಯಿತು.

ಹೀಗೆ, ಯಾರು ಬೇಕಾದರೂ ಬಂದು ಕಲಿಯಬಹುದಾದ ನಮ್ಮ ಸಮುದಾಯ ಕಾಲೇಜಿಗೆ ವೈವಿಧ್ಯ ಕಾಲಿಟ್ಟಿತು. ನಮ್ಮಲ್ಲಿ ಓದಲು ಬರುವವರಲ್ಲಿ ಅದಕ್ಕೇನೂ ಬರವಿರಲಿಲ್ಲ. ಅರ್ಧಕ್ಕೆ ಓದು ಬಿಟ್ಟವರು, ಪಾಳಿ ಮುಗಿಸಿ ಬರುವವರು, ಮೊಮ್ಮಕ್ಕಳನ್ನು ಕಂಡವರು, ನಮ್ಮ ಭಾಷೆ ಈಗಷ್ಟೇ ಕಲಿಯುತ್ತಿರುವವರು ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಕಲಿಸುವವರಲ್ಲಿ ಮಾತ್ರ ಆ ಗೋಡೆಯೇ ಗತಿ. ಅದನ್ನು ಸರಿಮಾಡಲು ಒಬ್ಬ ಸಮಾನತೆ ಅಧಿಕಾರಿಯೂ ಬಂದರು. ಚಿಕ್ಕ ವಯಸ್ಸು, ದೊಡ್ಡ ಹುರುಪು. ಏನೇ ಮಾತಾಡಿದರೂ ಎರಡು ಅಂಗೈಗಳನ್ನು ಮೇಲೆ ಕೆಳಗೆ ತೂಗುತ್ತಿದ್ದರಿಂದ ವಿದ್ಯಾರ್ಥಿಗಳು ಅವರಿಗೆ ತಕ್ಕಡಿ ಸಾರ್ ಎಂದು ಹೆಸರಿಟ್ಟರು.

ನನಗೂ ಒಂದು ಅಡ್ಡಹೆಸರಿತ್ತು. ಸಂಜೆ ಹೊತ್ತು ಪ್ಲಂಬಿಂಗ್ ಕಲಿಸುವ ಅರೆಕಾಲಿಕ ಅಧ್ಯಾಪಕಿಯಾದ್ದರಿಂದ ಜವಾನನಿಂದ ಪ್ರಿನ್ಸಿಪಾಲರವರೆಗೆ ಎಲ್ಲರ ಬಾಯಲ್ಲೂ ನಾನು ಸಂಜೆ ಮೇಡಂ. ಉಪಕರಣಗಳ ಕೋಣೆಯ ಬೀಗದ ಕೈಗೆ ಕಟ್ಟಿದ ರಟ್ಟಿನ ಚೀಟಿಯಲ್ಲೂ ಬರೀ "ಸಂಜೆ" ಎಂದೇ ಬರೆದಿತ್ತು. ಪ್ರತಿ ಸೆಮಿಸ್ಟರ್ ಮುಗಿದಾಗ ಆ ಬೀಗದ ಕೈಯನ್ನು ವಾಪಸು ಕೊಟ್ಟು ಮನೆಗೆ ಹೋಗಬೇಕು. ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಫೋನನ್ನೇ ನೋಡುತ್ತ ಕೂರಬೇಕು. ಈ ಕೊಡು-ತೆಗೆದುಕೋ ಆಟ ನನಗೆ ಸಾಕುಸಾಕಾಗಿತ್ತು. ಹಗಲಿನ ಪ್ಲಂಬಿಂಗ್ ವಿಭಾಗಕ್ಕೆ ಒಂದು ಖಾಯಂ ಹುದ್ದೆ ಕರೆದಾಗ ಹಿಂದುಮುಂದು ನೋಡದೆ ಅರ್ಜಿ ಹಾಕಿದೆ. ನನ್ನದೇ ಅನ್ನುವ ಒಂದು ಬೀಗದ ಕೈ ನನಗೆ ಬೇಕಿತ್ತು, ಅಷ್ಟೆ.

ತಕ್ಕಡಿ ಸಾರ್ ನಿಯಮಗಳನ್ನು ಮಾಡಿದ್ದರು. ಅರ್ಜಿಯಲ್ಲಿ ಹೆಸರಿಲ್ಲ, ಊರಿಲ್ಲ, ಫೋಟೋ ಇಲ್ಲ, ಬರೀ ನಂಬರು. ಪಾಠ ಮಾಡಿ ತೋರಿಸುವುದೂ ಪರದೆಯ ಹಿಂದಿನಿಂದಲೇ. ಅಂಕಪಟ್ಟಿಗಳು ಸಲ್ಲಿಕೆಯಾಗುವ ಮೊದಲು ತಾನು ಯಾರೆಂದು ಬಾಯಿಬಿಟ್ಟ ಅಭ್ಯರ್ಥಿ ಆ ಕ್ಷಣವೇ ಅನರ್ಹ. ನನಗೆ ಏಳನೇ ನಂಬರು ಬಂತು. ಹಿಗ್ಗಿನಲ್ಲಿದ್ದೆ. ಆಗ ಪ್ರಿನ್ಸಿಪಾಲರು ಕರೆಸಿದರು.

"ಸಂಜೆ ಮೇಡಂ, ಆಯ್ಕೆ ಸಮಿತಿಯಲ್ಲೂ ವೈವಿಧ್ಯ ಇರ್ಬೇಕಂತೆ. ಒಬ್ಬರು ಹೆಂಗಸು ಬೇಕು, ಒಬ್ಬರು ಅರೆಕಾಲಿಕ ಬೇಕು, ಒಬ್ಬರು ಕೈಕೆಲಸ ಕಲಿಸೋರು ಬೇಕು. ಅಷ್ಟು ಜನಾನ ಎಲ್ಲಿಂದ ತರ್ಲಿ ಅಂತ ತಲೆ ಕೆಡಿಸ್ಕೊಂಡಿದ್ದೆ. ನೋಡಿದ್ರೆ ಮೂರೂ ನೀವೊಬ್ಬರೇ," ಎಂದರು. ಅವರ ಮುಖದಲ್ಲಿ ಖುಷಿಯೋ ಖುಷಿ.

"ಸಾರ್, ನನ್ನ ಕೈಲಾಗಲ್ಲ."

"ಯಾಕೆ?"

ಯಾಕೆಂದರೆ ಏಳನೇ ನಂಬರು ನಾನೇ. ಅದನ್ನು ಹೇಳಿದರೆ ಹುದ್ದೆ ಹೋಯಿತು. ಹೇಳದಿದ್ದರೆ ನನ್ನ ಸಂದರ್ಶನವನ್ನು ನಾನೇ ಮಾಡಬೇಕು. ಕೊನೆಗೆ, "ಒಂಥರಾ ಸಂಕೋಚ ಸಾರ್," ಅಂದೆ.

"ಅಯ್ಯೋ, ಸಂಕೋಚ ಎಲ್ಲ ಬಿಡಿ," ಎಂದು ಅವರು ಸಹಿ ಹಾಕಿಯೇಬಿಟ್ಟರು.

ಮನೆಗೆ ಬಂದು ಅತ್ತೆಯ ಎದುರು ಗೋಳು ಹೇಳಿಕೊಂಡೆ. ಅತ್ತೆಗೆ ಮಂಡಿನೋವು, ಆದರೂ ನನ್ನ ಸಂಜೆ ತರಗತಿಗೆ ತಪ್ಪದೆ ಬರುವ ವಿದ್ಯಾರ್ಥಿನಿ. ಮನೆಯ ನಲ್ಲಿ ಕೆಟ್ಟಾಗಲೆಲ್ಲ ಸೊಸೆ ಊರಿನವರಿಗೆ ನಲ್ಲಿ ರಿಪೇರಿ ಕಲಿಸುತ್ತ ಕಾಲೇಜಿನಲ್ಲಿರುತ್ತಾಳೆ, ಇನ್ನು ನಾನೇ ಕಲಿಯುವುದು ವಾಸಿ ಎಂದು ಸೇರಿದವರು. ನನ್ನ ಕಥೆ ಕೇಳಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಪರದೆ ಆ ಕಡೆನೂ ನೀನೇ, ಈ ಕಡೆನೂ ನೀನೇ. ಓಡೋಕೆ ಆಗೋ ಬೂಟು ಹಾಕ್ಕೊಂಡು ಹೋಗು ಹುಡುಗಿ."

"ತಮಾಷೆ ಅಲ್ಲ ಅತ್ತೆ. ಪಾಠ ಏನೋ ಮಾಡ್ಬಿಡ್ತೀನಿ. ಆದ್ರೆ ನನಗೆ ನಾನೇ ಅಂಕ ಕೊಟ್ಕೊಳ್ಳೋದು, ಅದು ಮಾತ್ರ ಆಗಲ್ಲ."

"ಅದು ಆಮೇಲಿನ ಮಾತು. ಮೊದಲು ಬೂಟು," ಎಂದರು ಅತ್ತೆ.

ಸಂದರ್ಶನದ ದಿನ ಬೂಟು ಹಾಕಿಕೊಳ್ಳುವಾಗ ಒಂದರ ಲೇಸು ಕಿತ್ತುಬಂತು. ಮಗಳು ಎಲ್ಲಿಂದಲೋ ಒಂದು ಹಸಿರು ಲೇಸು ತಂದು ಪೋಣಿಸಿದಳು. ಒಂದು ಬಿಳಿ, ಒಂದು ಹಸಿರು. ಇವತ್ತು ನನ್ನ ಕಾಲು ಯಾರು ನೋಡುತ್ತಾರೆ ಎಂದುಕೊಂಡು ಹೊರಟೆ.

ಪ್ಲಂಬಿಂಗ್ ಪ್ರಯೋಗಾಲಯದ ನಡುವೆ ನೀಲಿ ಪರದೆ ಇಳಿಬಿಟ್ಟಿದ್ದರು. ಅದರಲ್ಲೊಂದು ಕಿಂಡಿ. ಅಭ್ಯರ್ಥಿಗಳು ಹಿಂಬಾಗಿಲಿನಿಂದ ಬಂದು, ರಬ್ಬರ್ ಕೈಗವಸು ಹಾಕಿಕೊಂಡು, ಕಿಂಡಿಯಿಂದ ಕೈ ಮಾತ್ರ ಹೊರಚಾಚಿ, ಈ ಕಡೆಯ ಮೇಜಿನ ಮೇಲೆ ಎರಡು ಪೈಪುಗಳನ್ನು ಜೋಡಿಸಿ ಪಾಠ ಮಾಡಬೇಕು. ದನಿ ಗುರುತು ಸಿಗದಿರಲೆಂದು ಒಂದು ಯಂತ್ರ ಬೇರೆ. ಅದರಲ್ಲಿ ಯಾರು ಮಾತಾಡಿದರೂ ನೆಗಡಿಯಾದ ಕೋಣದ ದನಿಯೇ ಬರುತ್ತಿತ್ತು. ಎದುರಿಗೆ ಮಾದರಿ ವಿದ್ಯಾರ್ಥಿಗಳಾಗಿ ನನ್ನ ಸಂಜೆ ತರಗತಿಯವರನ್ನೇ ಕೂರಿಸಿದ್ದರು. ಮುಂದಿನ ಸಾಲಿನಲ್ಲಿ ಅತ್ತೆ. ಪಕ್ಕದ ಮೇಜಿನಲ್ಲಿ ಸಮಿತಿ: ಪ್ರಿನ್ಸಿಪಾಲರು, ಲೈಬ್ರರಿ ನೋಡಿಕೊಳ್ಳುವ ವಯಸ್ಸಾದ ಮೇಷ್ಟ್ರು, ತಕ್ಕಡಿ ಸಾರ್ ಮತ್ತು ನಾನು.

ಮೊದಲ ಮೂವರು ಬಂದುಹೋದರು. ಪೈಪಿನ ಇತಿಹಾಸ, ನೀರಿನ ಮಹತ್ವ ಎಲ್ಲ ಹೇಳಿ ಕೊನೆಗೆ ಅರ್ಥ ಆಯಿತೇ ಎಂದು ಕೇಳಿದರು. ನನ್ನ ವಿದ್ಯಾರ್ಥಿಗಳು ಮರ್ಯಾದೆಯಿಂದ ತಲೆಯಾಡಿಸಿದರು. ನಾಲ್ಕನೆಯವರು ಬಂದಾಗ ನಾನು ನೆಟ್ಟಗೆ ಕೂತೆ. ಆ ಕೋಣದ ದನಿ ಮೊದಲು ಕೇಳಿದ್ದೇ, "ಹಿಂದೆ ಕೂತೋರಿಗೆ ನನ್ನ ಕೈ ಕಾಣ್ತಿದ್ಯಾ?" ಎಂದು. ಸವೆದ ವಾಷರೊಂದನ್ನು ಕೊಟ್ಟು ಎಲ್ಲರ ಬೆರಳಿಗೂ ದಾಟಿಸಿದರು. ಎಲ್ಲಿ ಸವೆದಿದೆ ಎಂದು ಅವರಿಂದಲೇ ಹೇಳಿಸಿದರು. ಆಮೇಲೇ ಪೈಪಿಗೆ ಕೈ ಹಾಕಿದ್ದು. ನನಗೆ ಹೊಟ್ಟೆಕಿಚ್ಚಾಯಿತು, ಖುಷಿಯೂ ಆಯಿತು. ಶಪಿಸುತ್ತಲೇ ಪೂರ್ತಿ ಅಂಕ ಕೊಟ್ಟೆ.

ಐದನೆಯವರು ಬರಲೇ ಇಲ್ಲ. ಆರನೆಯವರು ಅವಸರದಲ್ಲಿ, ನೀರು ಸೋರದ ಹಾಗೆ ಟೇಪು ಸುತ್ತುವುದನ್ನೇ ಮರೆತು ಪೈಪು ತಿರುಗಿಸಿ, "ಈಗ ನೋಡಿ," ಎಂದು ನಲ್ಲಿ ಬಿಟ್ಟರು. ನೋಡಿದೆವು. ನೀರು ನೇರ ಪ್ರಿನ್ಸಿಪಾಲರ ಕನ್ನಡಕಕ್ಕೆ ಹೊಡೆದು, ಅಲ್ಲಿಂದ ನನ್ನ ಮೇಲೆ ಬಿದ್ದು, ನೆಲದ ತುಂಬ ಹರಿಯಿತು. ನನಗಂತೂ ದೇವರೇ ನಲ್ಲಿ ಬಿಟ್ಟ ಹಾಗಾಯಿತು.

"ಬಟ್ಟೆಯೆಲ್ಲ ಒದ್ದೆ, ಬದಲಾಯಿಸ್ಕೊಂಡು ಬರ್ತೀನಿ. ನೀವು ಏಳನೇ ನಂಬರು ಶುರು ಮಾಡಿ. ನಾನು ಅಲ್ಲಿಂದಲೇ ಕೇಳಿಸ್ಕೊಳ್ತೀನಿ," ಎಂದು ಹೇಳಿ ಹೊರಗೋಡಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಕಾರಿಡಾರು ಸುತ್ತಿ, ಹಿಂಬಾಗಿಲಿನಿಂದ ನುಗ್ಗಿ, ಒದ್ದೆ ಅಂಗಿಯ ಮೇಲೆ ಗೂಟದಲ್ಲಿದ್ದ ಕೆಲಸದ ಕೋಟು ಏರಿಸಿ, ಕೈಗವಸು ತೊಟ್ಟು ಕಿಂಡಿಯಲ್ಲಿ ಕೈ ಚಾಚಿದೆ. ಉಸಿರು ಇನ್ನೂ ಕಾರಿಡಾರಿನಲ್ಲೇ ಇತ್ತು. ಯಂತ್ರದಲ್ಲಿ ಏದುಸಿರು ಬಿಡುವ ಕೋಣ ಕೇಳಿಸಿತು. ಆದರೆ ಪೈಪು ಕೈಗೆ ಬಂದದ್ದೇ ತಡ, ಎಲ್ಲ ಮರೆತೆ. ಟೇಪನ್ನು ಯಾವ ಕಡೆ ಸುತ್ತಬೇಕು, ಯಾಕೆ ಆ ಕಡೆ, ಎಷ್ಟು ಬಿಗಿ ಅಂದರೆ ಸಾಕು, ಜಾಸ್ತಿ ಬಿಗಿದರೆ ಏನಾಗುತ್ತದೆ, ಎಲ್ಲ ದಿನಾ ಹೇಳುವ ಹಾಗೇ ಹೇಳಿದೆ. ದಿನಾ ಕೇಳುವ ಹಾಗೇ ಕೊನೆಗೆ ಕೇಳಿಯೂ ಬಿಟ್ಟೆ: "ಏನು, ಅರ್ಥ ಆಯ್ತಾ?"

ಅಲ್ಲೇ ಎಡವಟ್ಟಾಯಿತು. ನನ್ನ ತರಗತಿಯಲ್ಲಿ ಅರ್ಥ ಆಯಿತು ಎನ್ನುವ ಹಾಗಿಲ್ಲ. ಜೋಡಿಸಿದ ಪೈಪಿಗೆ ನೀರು ಬಿಟ್ಟು, ಅದು ಸೋರದಿದ್ದರೆ ಮಾತ್ರ ಅರ್ಥವಾದ ಹಾಗೆ. ಆದ್ದರಿಂದ ಆ ಪ್ರಶ್ನೆಗೆ ನಮ್ಮಲ್ಲಿ ಇರುವುದು ಒಂದೇ ಉತ್ತರ. ಬೆಳಗಿನಿಂದ ಸುಮ್ಮನೆ ತಲೆಯಾಡಿಸುತ್ತಿದ್ದ ಅಷ್ಟೂ ಜನ ಒಂದೇ ಗಂಟಲಿನಲ್ಲಿ ಕೂಗಿದರು: "ನೀರು ಬಿಟ್ಟು ನೋಡೋಣ ಮೇಡಂ."

ಮೇಡಂ ಅಂತೆ. ಪರದೆಯ ಹಿಂದೆ ನಾನು ಕಲ್ಲಾದೆ. ಆ ಕಡೆಯಿಂದ ಅತ್ತೆ ಗಂಟಲು ಸರಿಮಾಡಿಕೊಂಡು, "ಮೇಡಮ್ಮೋ ಸಾರೋ, ಯಾರಿಗ್ಗೊತ್ತು," ಎಂದದ್ದು ಕೇಳಿಸಿತು. ನೀರು ಬಿಟ್ಟೆ. ಒಂದು ಹನಿಯೂ ಸೋರಲಿಲ್ಲ. ಬೆವರು ಮಾತ್ರ ಧಾರಾಕಾರ.

ಕೋಟು ಕಳಚಿ, ಬಟ್ಟೆ ಬದಲಾಯಿಸಿ ಸಮಿತಿಯ ಮೇಜಿಗೆ ವಾಪಸಾದಾಗ ಉಳಿದ ಮೂವರೂ ತಮ್ಮ ತಮ್ಮ ಅಂಕಪಟ್ಟಿಗೆ ಸಹಿ ಹಾಕಿ ಮುಂದಿಟ್ಟಿದ್ದರು. ನನ್ನದೂ ಕೊಟ್ಟೆ. ತಕ್ಕಡಿ ಸಾರ್ ಅದನ್ನು ನೋಡಿ ಅಂಗೈ ಮೇಲೆತ್ತಿದರು.

"ಮೇಡಂ, ಏಳನೇ ನಂಬರಿಗೆ ಅಂಕ ಹಾಕಿಲ್ಲ ನೀವು."

"ಹಾಕಲ್ಲ ಸಾರ್."

"ಹಾಗೆ ಬಿಡೋ ಹಾಗಿಲ್ಲ. ಕಾರಣ ಬೇಕು."

ಸುಳ್ಳು ಹೇಳಬಹುದಿತ್ತು. ಕೇಳಿಸಲಿಲ್ಲ ಅನ್ನಬಹುದಿತ್ತು. ಆದರೆ ಆ ನಾಲ್ಕನೇ ನಂಬರಿನವರ ಕೈ ನೆನಪಾಯಿತು. ಅಂಥವರ ಎದುರು ಕಳ್ಳಾಟ ಆಡಿ ಗೆದ್ದರೆ ಆ ಬೀಗದ ಕೈ ನನಗೆ ಹಿಡಿಸುವುದಿಲ್ಲ ಅನ್ನಿಸಿತು. ಹೋದರೆ ಹೋಗಲಿ.

"ಏಳನೇ ನಂಬರು ನಾನೇ ಸಾರ್."

ಯಾರೂ ಹೌಹಾರಲಿಲ್ಲ. ಲೈಬ್ರರಿ ಮೇಷ್ಟ್ರ ಭುಜ ಮೊದಲು ಕುಲುಕತೊಡಗಿತು, ಆಮೇಲೆ ನಗು ಹೊರಬಿತ್ತು.

"ನನಗೆ ಗೊತ್ತಿತ್ತಮ್ಮ. ಪರದೆ ಗಿಡ್ಡ. ಕೆಳಗೆ ಒಂದು ಹಸಿರು ಲೇಸು, ಒಂದು ಬಿಳಿ ಲೇಸು. ಹೇಳಿದ್ರೆ ನಿನ್ನನ್ನ ತೆಗೀತಾರಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ."

"ನಿಮಗೂ ಗೊತ್ತಿತ್ತಾ?" ಎಂದರು ಪ್ರಿನ್ಸಿಪಾಲರು. "ನಾನೊಬ್ಬನೇ ನೋಡಿದ್ದು ಅಂದ್ಕೊಂಡು, ಒದ್ದೆ ಕನ್ನಡಕ ಒರೆಸ್ಕೊಳ್ಳೋ ನೆಪದಲ್ಲಿ ತಲೆ ತಗ್ಗಿಸಿ ಕೂತಿದ್ದೆನಲ್ಲ."

"ನಾನು ಕುರ್ಚಿ ಎಳ್ಕೊಂಡು ಅಡ್ಡ ಕೂತೆ ಸಾರ್," ಎಂದು ಅತ್ತೆ ಮುಂದಿನ ಸಾಲಿನಿಂದಲೇ ಸೇರಿಕೊಂಡರು. "ನನ್ನ ಅಗಲ ಸಾಲ್ಲಿಲ್ಲ."

ಎಲ್ಲರೂ ತಕ್ಕಡಿ ಸಾರ್ ಮುಖ ನೋಡಿದೆವು. ಅವರ ಕಿವಿ ಕೆಂಪಗಾಗಿತ್ತು. "ನಾನು ಶುರುವಲ್ಲೇ ಕಣ್ಣು ಮುಚ್ಕೊಂಡೆ. ಬರೀ ಕೇಳಿ ಅಂಕ ಹಾಕಿದೀನಿ," ಎಂದರು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ನಾನೊಬ್ಬಳೇ ಕಳ್ಳಿ ಎಂದುಕೊಂಡು ನಡುಗುತ್ತಿದ್ದರೆ, ಇಡೀ ಕೋಣೆಯೇ ಉಸಿರು ಬಿಗಿಹಿಡಿದು ನನ್ನನ್ನು ಕಾಣದ ಹಾಗೆ ನಟಿಸುತ್ತಿತ್ತು.

ತಕ್ಕಡಿ ಸಾರ್ ನಿಯಮ ಓದಿದರು. ಅಂಕಪಟ್ಟಿಗಳು ಸಲ್ಲಿಕೆಯಾಗುವ ಮೊದಲು ಹೇಳಿದ್ದರೆ ತಪ್ಪು, ನಾನು ಹೇಳಿದ್ದು ಆಮೇಲೆ. "ಗೊತ್ತಿರಬಾರದು ಅಂತ ಎಲ್ಲೂ ಬರೆದಿಲ್ಲ. ಹೇಳಬಾರದು ಅಂತ ಮಾತ್ರ ಇದೆ. ಛೆ, ನಾನೇ ಬರೆದಿದ್ದು," ಎಂದು ತಲೆ ಕೆರೆದುಕೊಂಡರು. ಅಭ್ಯರ್ಥಿಯಾದವಳ ಅಂಕಪಟ್ಟಿ ಮಾತ್ರ ನಡೆಯುವುದಿಲ್ಲವೆಂದು ನನ್ನದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಕೂಡಿದರು. ಏಳನೇ ನಂಬರು ಮುಂದೆ, ನಾಲ್ಕನೇ ನಂಬರು ಕೂದಲೆಳೆಯಷ್ಟು ಹಿಂದೆ.

"ನನ್ನದೂ ಸೇರಿಸಿದ್ರೆ ನಾಲ್ಕನೆಯವರೇ ಗೆಲ್ತಾರೆ ಸಾರ್," ಅಂದೆ.

"ಸೇರಿಸೋ ಹಾಗಿಲ್ವಲ್ಲ ಮೇಡಂ. ಆದ್ರೆ ಅವರನ್ನ ಬಿಡೋಕೂ ಮನಸ್ಸಿಲ್ಲ. ಈಗ ಸಂಜೆ ತರಗತಿ ಖಾಲಿ ಆಯ್ತು. ಒಪ್ಪಿದ್ರೆ ಸದ್ಯಕ್ಕೆ ಅವರಿಗೇ," ಎಂದರು ಪ್ರಿನ್ಸಿಪಾಲರು.

"ಸದ್ಯಕ್ಕೆ ಅಂದ್ರೆ ನನ್ನ ಥರ ವರ್ಷಗಟ್ಟಲೆನಾ ಸಾರ್?"

"ಇಲ್ಲಮ್ಮ, ಮಂಡಳಿ ಹತ್ರ ಇನ್ನೊಂದು ಖಾಯಂ ಹುದ್ದೆ ಬೇಗ ಕೇಳ್ತೀನಿ," ಎಂದರು ಪ್ರಿನ್ಸಿಪಾಲರು.

"ನೀರು ಬಿಟ್ಟು ನೋಡೋಣ," ಎಂದರು ಅತ್ತೆ.

ಪ್ರಿನ್ಸಿಪಾಲರು ಡ್ರಾಯರಿನಿಂದ ಒಂದು ಹೊಸ ಬೀಗದ ಕೈ ತೆಗೆದರು. ಖಾಯಂ ಆದವರ ಬೀಗದ ಕೈಗೆ ಹೆಸರಿನ ಚೀಟಿ ಕಟ್ಟುವುದು ನಮ್ಮಲ್ಲಿ ವಾಡಿಕೆ. ಚೀಟಿ ಮುಂದಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದರು. ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ತಕ್ಕಡಿ ಸಾರ್ ಕಡೆ ನೋಡಿದರು. ತಕ್ಕಡಿ ಸಾರ್ ಕೈ ಯಾವ ಕಡೆಗೂ ತೂಗಲಿಲ್ಲ.

ನನಗೆ ಆಗ ಹೊಳೆಯಿತು. ನನ್ನ ಹೆಸರು ಮುಚ್ಚಿಡಲು ಇವರು ಪರದೆ ಕಟ್ಟಿದರು, ಯಂತ್ರ ತಂದರು, ಕೈಗವಸು ತೊಡಿಸಿದರು. ಆ ಹೆಸರು ಇವರಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ನನ್ನ ಬಾಯಿಂದ ನನ್ನ ಹೆಸರೇ ಹೊರಡಲಿಲ್ಲ.

ಅತ್ತೆ ಎದ್ದುಬಂದರು. ಮದುವೆಯಾದಾಗಿನಿಂದ ನನ್ನನ್ನು ಹುಡುಗಿ ಎಂದೇ ಕರೆದವರು ಮೇಜಿಗೆ ಕೈಯೂರಿ, "ಬರ್ಕೊಳ್ಳಿ ಸಾರ್," ಎಂದು ನನ್ನ ಪೂರ್ತಿ ಹೆಸರನ್ನು, ನಮ್ಮಪ್ಪನ ಹೆಸರನ್ನೂ ಸೇರಿಸಿ, ಒಂದೊಂದಕ್ಷರವಾಗಿ ಬಿಡಿಸಿ ಹೇಳಿದರು. ಪ್ರಿನ್ಸಿಪಾಲರು ಶಾಲೆ ಹುಡುಗನ ಹಾಗೆ ತಲೆ ಬಗ್ಗಿಸಿ ಬರೆದುಕೊಂಡರು. ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ, "ಕ್ಷಮಿಸಿ ಅಮ್ಮ," ಎಂದರು.

ಹಳೆಯ ಬೀಗದ ಕೈ, ಒಂದು ಖಾಲಿ ಚೀಟಿ, ಪೆನ್ನು ಹಿಡಿದು ಹೊರಗೆ ಬಂದೆ. ಕಾರಿಡಾರಿನ ಬೆಂಚಿನ ಮೇಲೆ ತೆಳ್ಳಗಿನ ವ್ಯಕ್ತಿಯೊಬ್ಬರು ಉಪಕರಣದ ಚೀಲ ತೊಡೆಯ ಮೇಲಿಟ್ಟು ಕೂತಿದ್ದರು. ಸವೆದ ವಾಷರೊಂದು ಅವರ ಬೆರಳುಗಳ ನಡುವೆ ತಿರುಗುತ್ತಿತ್ತು. ಕೇಳಬೇಕಾಗಿರಲಿಲ್ಲ, ಕೈಗವಸು ಇಲ್ಲದಿದ್ದರೂ ಆ ಕೈಯನ್ನು ನಾನು ಬಲ್ಲೆ. ನನ್ನನ್ನು ಕಂಡು ಎದ್ದುನಿಂತು, "ಮೇಡಂ, ನಾಲ್ಕನೇ ನಂಬರಿಗೆ ಏನಾಯ್ತು ಅಂತ…" ಎಂದರು.

ಬೀಗದ ಕೈಯಿಂದ "ಸಂಜೆ" ಎಂಬ ಆ ಕೊಳಕು ಚೀಟಿಯನ್ನು ಹರಿದು ಜೇಬಿಗೆ ಹಾಕಿಕೊಂಡೆ. ಖಾಲಿ ಚೀಟಿಯನ್ನು ಗೋಡೆಗೊತ್ತಿ ಹಿಡಿದೆ.

"ಎಲ್ಲಾ ಹೇಳ್ತೀನಿ ಸಾರ್," ಅಂದೆ. "ಮೊದಲು ನಿಮ್ಮ ಹೆಸರು ಹೇಳಿ."

ಅವರು ಹೇಳಿದರು. ಉದ್ದದ ಹೆಸರು, ಚೀಟಿಯ ಒಂದೇ ಬದಿ ಸಾಲಲಿಲ್ಲ. ಚೀಟಿ ತಿರುಗಿಸಿ ಹಿಂದೆಯೂ ಬರೆದೆ.