ನೆಲಕ್ಕೆ ಮಲಗಿದ ರಾಗಿ

ಮಾಕಳಿಯ ಹನುಮಂತರಾಯಪ್ಪನವರಿಗೆ ಫ್ಯಾಕ್ಟರಿಗಳ ನಡುವೆ ಇನ್ನೂ ಒಂದೆಕರೆ ರಾಗಿ ಹೊಲ ಉಳಿದಿತ್ತು. ತೆನೆ ಬಲಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಡುಹೊಲದಲ್ಲಿ ದುಂಡಗೆ, ಕಣದಷ್ಟು ಅಗಲ ರಾಗಿ ನೆಲಕ್ಕೆ ಮಲಗಿತ್ತು. ಸುತ್ತಲಿನ ಪೈರು ನೆಟ್ಟಗೆ ನಿಂತಿತ್ತು.

"ಊರಮ್ಮ ಓಡಾಡವ್ಳೆ," ಎಂದು ಹೆಂಡತಿ ಅಶ್ವತ್ಥಮ್ಮ ಕೈಮುಗಿದರು. ಹನುಮಂತರಾಯಪ್ಪ ಸುಳಿಗಾಳಿ ಅಂದರು. ನೋಡಲು ಬಂದ ಫ್ಯಾಕ್ಟರಿಯವರು ಹಾರುವ ತಟ್ಟೆ ಅಂದರು.

ಮಗಳು ಕೃಪಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅವಳಿಗೆ ನಗು ಬಂತು. "ಇಂಗ್ಲೆಂಡಲ್ಲೂ ಹಿಂಗೇ ಆಗಿತ್ತು. ಕೆಲವರು ಗಾಳಿ ಅಂದ್ರು, ಕೆಲವರು ಬೇರೆ ಗ್ರಹದವರು ಅಂದ್ರು. ಕೊನೆಗೆ ಇಬ್ಬರು ವಯಸ್ಸಾದೋರು, ಹಲಗೆ ಹಗ್ಗ ಹಿಡ್ಕೊಂಡು ನಾವೇ ತುಳಿದಿದ್ದು ಅಂತ ಒಪ್ಕೊಂಡ್ರು. ಇದೂ ಮನುಷ್ಯರ ಕೆಲಸಾನೇ."

ಹಲಗೆ, ಹಗ್ಗ ಅಂದಕೂಡಲೇ ಎಲ್ಲರೂ ಹೊಲದಂಚಿನ ಬಾಡಿಗೆ ರೂಮಿನತ್ತ ನೋಡಿದರು. ಕೊಪ್ಪಳದ ಕಡೆಯಿಂದ ಬಂದ ಗಾರೆ ಕೆಲಸದ ಭರಮಪ್ಪನ ಬಾಗಿಲಲ್ಲಿ ಎರಡೂ ಇದ್ದವು. ಕೃಪಾ ಅವನನ್ನು ಕರೆದು ಎಲ್ಲರ ಮುಂದೆಯೇ ಕೇಳಿದಳು.

"ಇಲ್ರೀ ಅಕ್ಕಾರ. ನಾನೂ ಹೊಲದಾಗ ದುಡಿದು ಬಂದಾಂವ. ಬೆಳಿ ಹೆಂಗ ತುಳೀಲಿ?"

ಯಾರೋ ನಕ್ಕರು. ಯಾರೋ ವಿಡಿಯೊ ಮಾಡಿದರು. ಕೃಪಾ ತಡೆಯಲಿಲ್ಲ. ಮಾರನೇ ದಿನವೇ ಭರಮಪ್ಪ ರೂಮು ಖಾಲಿ ಮಾಡಿ, ಹೆಂಡತಿ ಮಹಾದೇವಿಯನ್ನು ಕರೆದುಕೊಂಡು ಬಾಗಲಗುಂಟೆಗೆ ಹೊರಟುಹೋದ.

ವಾರದ ಮೇಲೆ ಗಾಳಿಮಳೆ ಬಂತು. ಹೊಲದಲ್ಲಿ ಹಾಗೇ ದುಂಡಗೆ ಇನ್ನೂ ನಾಲ್ಕು ಕಡೆ ಪೈರು ಮಲಗಿತ್ತು, ಒಂದೇ ಸಾಲಿನಲ್ಲಿ. ಹನುಮಂತರಾಯಪ್ಪ ಆ ಸಾಲನ್ನೇ ನೋಡುತ್ತಾ ನಿಂತು ಹಣೆ ಚಚ್ಚಿಕೊಂಡರು.

"ಬೇಸಿಗೇಲಿ ಗೊಬ್ಬರದ ಗುಡ್ಡೆ ಹಾಕ್ಸಿದ್ದು ಇಲ್ಲೇ ಕಣಮ್ಮ. ಎರಚೋದು ತಡ ಆಯ್ತು, ಸಾರ ಎಲ್ಲಾ ಅಲ್ಲಲ್ಲೇ ಇಳೀತು. ಪೈರು ಸೊಕ್ಕಿ ಬೆಳ್ದು, ದಂಟು ತಡೀದೆ ಬಿದ್ದದೆ. ದೊಡ್ಡ ಗುಡ್ಡೆ ಇದ್ದ ಜಾಗ ಮೊದ್ಲು ಬಿತ್ತು, ಅಷ್ಟೇ."

ಕೃಪಾಗೆ ತಲೆ ಎತ್ತಲಾಗಲಿಲ್ಲ. ಬಗ್ಗಿ ನಾಲ್ಕು ದಂಟು ಕಿತ್ತು ನೋಡಿದ್ದರೆ ತುಳಿದ ಗುರುತೇ ಇಲ್ಲವೆಂದು ಅವತ್ತೇ ತಿಳಿಯುತ್ತಿತ್ತು. ಮಕ್ಕಳಿಗೆ ದಿನವೂ 'ಮೊದಲು ನೋಡಿ, ಆಮೇಲೆ ಹೇಳಿ' ಅನ್ನುತ್ತಿದ್ದವಳು ಅವಳೇ.

ಭಾನುವಾರ ಮನೆ ಹುಡುಕಿಕೊಂಡು ಬಾಗಲಗುಂಟೆಗೆ ಹೋದಳು. ಮಹಾದೇವಿ ಚಹಾ ಕೊಟ್ಟಳು. ಕೃಪಾ ನಡೆದದ್ದನ್ನೆಲ್ಲ ಹೇಳಿ, "ತಪ್ಪಾಯ್ತಣ್ಣ," ಅಂದಳು.

ಭರಮಪ್ಪ ಸಿಟ್ಟಾಗಲಿಲ್ಲ. "ಅಷ್ಟು ಮಂದಿ ಮುಂದ ಕೇಳಿದ್ರಿ. ಇಲ್ಲಿ ಒಬ್ಬರೇ ಬಂದು ಹೇಳಾಕತ್ತೀರಿ."

ಕೃಪಾ ಚಹಾದ ಲೋಟ ಕೆಳಗಿಟ್ಟು ಎದ್ದಳು.

ಮಾರನೇ ಬೆಳಿಗ್ಗೆ ಊರವರು ಹಾಲಿನ ಡೈರಿ ಮುಂದೆ ಸಾಲು ನಿಂತಿದ್ದಾಗ ಕೃಪಾ ಹೋಗಿ ಎದುರು ನಿಂತಳು. "ಭರಮಪ್ಪಣ್ಣ ಏನೂ ಮಾಡಿರ್ಲಿಲ್ಲ. ನಾನೇ ಸರಿಯಾಗಿ ನೋಡ್ದೆ ಅವರ ಮೇಲೆ ಹೊರಿಸ್ದೆ. ಅವತ್ತಿನ ವಿಡಿಯೊ ಅಳಿಸಿ, ಇದನ್ನ ಮಾಡ್ಕೊಳ್ಳಿ."

ಒಬ್ಬಿಬ್ಬರು ಫೋನ್ ತೆಗೆದರು. "ಬಿಡಮ್ಮ, ಹೋದೋನು ಹೋದ," ಅಂದರು ಡೈರಿಯ ದೇವರಾಜ್.

ಡೈರಿ ಮುಂದಿನ ಆ ವಿಡಿಯೊ ಭರಮಪ್ಪನಿಗೂ ತಲುಪಿತು. ಆದರೆ ಅವನು ಮಾಕಳಿಗೆ ಮರಳಲಿಲ್ಲ. ಬನ್ನಿ ಎಂದು ಕರೆಯಲು ಕೃಪಾಗೆ ಮುಖವೂ ಇರಲಿಲ್ಲ.