ಹಳದಿ ಪುಡಿಯ ಬೆಳಕು

ಎಪ್ಪತ್ತಾರನೆಯ ಇಸವಿಯ ಶ್ರಾವಣಕ್ಕೆ ಗಿರಿಜಾದೇವಿ ತೀರಿಕೊಂಡು ಆರು ತಿಂಗಳಾಗಿತ್ತು. ಅಂದಿನಿಂದ ಅವರ ಪತಿ ಕುಮಾರಯ್ಯನವರು ಕಾಶಿಯ ಜಂಗಮವಾಡಿಯ ಮನೆಯಲ್ಲಿ ಬೆಳಗಿನ ಲಿಂಗಪೂಜೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಮೊದಲು ಅವರು ಇಷ್ಟು ನೇಮದವರಲ್ಲ. ಆಕೆ ಸಗಣಿ ಸುಟ್ಟು, ಸೋಸಿ, ಕೈಯಾರೆ ಕಟ್ಟಿಟ್ಟ ವಿಭೂತಿಗಟ್ಟಿಗಳು ಡಬ್ಬಿಯಲ್ಲಿ ಇನ್ನೂ ಉಳಿದಿದ್ದವು. ಮೂರು ಬೆರಳಿನಿಂದ ಹಣೆಗೆ ದಟ್ಟವಾಗಿ ಧರಿಸಿ, ರಿಕ್ಷಾ ಹತ್ತಿ ವಿಶ್ವವಿದ್ಯಾಲಯದ ಪ್ರಯೋಗಶಾಲೆಗೆ ಹೋಗುವುದು, ಸಂಜೆ ಬರಿಮನೆಗೆ ಮರಳುವುದು. ಬೇರೆ ಬದುಕಿರಲಿಲ್ಲ.

ಪ್ರಯೋಗ ಮಾತ್ರ ಕೈಹಿಡಿದಿತ್ತು. ಔಷಧಿಗೆ ಬಳಸುವ ಒಂದು ಹಳದಿ ಪುಡಿಯನ್ನು ಜೀವಂತ ಕೋಶಗಳಿಗೆ ಉಣಿಸಿದರೆ, ಕ್ಯಾಲ್ಸಿಯಂ ಸಿಕ್ಕಲ್ಲಿ ಅದು ನೇರಳಾತೀತ ದೀಪದಡಿ ಹೊಳೆಯುತ್ತದೆ. ಹಾರ್ಮೋನು ಬಂದು ತಟ್ಟಿದಾಗ ಆ ಸುದ್ದಿಯನ್ನು ಕೋಶದೊಳಗೆ ಒಯ್ಯುವುದು ಕ್ಯಾಲ್ಸಿಯಂ ಎಂದು ತೋರಿಸಬೇಕಿತ್ತು. ಈ ಆರು ತಿಂಗಳು ಅವರು ಹಾರ್ಮೋನು ಹಾಕಿದಾಗಲೆಲ್ಲ ಹೊಳಪು ಇಮ್ಮಡಿಯಾಗುತ್ತಿತ್ತು. ಹೋಗುವಾಗ ಹೆಂಡತಿ ಹರಸಿ ಹೋದಳು ಎಂದೇ ಅವರು ನಂಬಿದ್ದರು. ಲೇಖನ ಟೈಪಾಗಿ ಚೀಲದಲ್ಲಿತ್ತು. ಮಧ್ಯಾಹ್ನದ ಟಪಾಲಿಗೆ ಹಾಕುವುದಷ್ಟೇ ಬಾಕಿ.

ಆಗ ವಿಶಾಲಾಕ್ಷಿ ನೋಟ್‌ಬುಕ್ ಹಿಡಿದು ಬಂದಳು. ಜಂಗಮವಾಡಿ ಮಠದ ಅಡಿಗೆ ನೋಡುವ ಅನ್ನದಾನಯ್ಯನ ಮಗಳು, ಕಾಶಿಯಲ್ಲೇ ಹುಟ್ಟಿದವಳು. ಕುಮಾರಯ್ಯನವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು.

"ಕಾಕಾ, ನಾರಾಜ್ ಆಗಬಾರದು ನೀವು."

"ಲ್ಯಾಬಿನ್ಯಾಗ ನಾ ಕಾಕಾ ಅಲ್ಲ. ಹೇಳು."

"ಸರ್ ಅಂದ್ರ ಹೇಳೂದು ಇನ್ನೂ ಕಷ್ಟ ಆಗತದ. ಹಾರ್ಮೋನಿನ ನೀರು ಯಾವಾಗ್ಲೂ ನೀವಽ ಬೆರೆಸ್ತೀರಿ. ನಿಮಗ ಜ್ವರ ಬಂದ ನಾಕು ದಿನ ನಾ ಬೆರೆಸಿದೆ. ಆ ನಾಕೂ ದಿನ ಹೊಳಪು ಏರಿದ್ದು ಭಾಳ ಕಡಿಮಿ."

"ನಿನ್ನ ಕೈ ಇನ್ನೂ ಕಚ್ಚಾ ಅದ."

"ಇರಬಹುದು. ಆದ್ರ ನಿಮ್ಮ ಕೈಗೆ ವಿಭೂತಿ ಅದ."

ಕುಮಾರಯ್ಯನವರು ತಮ್ಮ ಬೆರಳು ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಬೆಳ್ಳಗಿತ್ತು. ಸಗಣಿಯ ಬೂದಿಯಲ್ಲಿ ಕ್ಯಾಲ್ಸಿಯಂ ಇದೆಯೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಎದ್ದು, ಹಾರ್ಮೋನನ್ನು ಹಾಕದೆಯೇ, ಬರಿ ಉಪ್ಪುನೀರನ್ನು ದಿನದಂತೆ ಬೆರೆಸಿದರು. ದಿನದಂತೆ ಸೀಸೆಯ ಬಾಯಿಗೆ ಬೆರಳೊತ್ತಿ ಕುಲುಕಿದರು. ಕೋಶಗಳ ಮೇಲೆ ಬಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

ಹೊಳೆಯಿತು. ಆರು ತಿಂಗಳು ಹೊಳೆದ ಹಾಗೆಯೇ.

ಅವರು ದೀಪ ಆರಿಸಿದರು. ಆಮೇಲೆ ಚೀಲದಿಂದ ಲೇಖನ ತೆಗೆದು ಮೇಜಿನ ಖಾನೆಯ ತಳಕ್ಕೆ ಹಾಕಿದರು.

"ನನ್ನ ಥೀಸಿಸ್?" ವಿಶಾಲಾಕ್ಷಿಯ ದನಿ ಸಣ್ಣಗಾಗಿತ್ತು.

"ಇನ್ನೊಂದು ವರುಷ ಹಿಡೀತದವ್ವಾ. ತಪ್ಪು ನಂದು. ನಿಮ್ಮಪ್ಪಗ ನಾನಽ ಹೇಳತೀನಿ."

"ಅಪ್ಪಾ ನಿಮಗೇನೂ ಅನ್ನೂದಿಲ್ಲ. ವಿಭೂತಿಗೆ ಹೆಸರಿಟ್ಟೆ, ಕುಂದು ಹೇಳಿದೆ ಅಂತ ನನಗಽ ಬೈತಾರ."

ಕುಮಾರಯ್ಯನವರಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು.

ಮರುದಿನವೂ ಪೂಜೆ ನಡೆಯಿತು. ವಿಭೂತಿ ಧರಿಸುವಾಗ ಕೈ ಒಂದು ಕ್ಷಣ ಡಬ್ಬಿಯ ಮೇಲೆ ನಿಂತಿತು, ಆಮೇಲೆ ಎಂದಿನಂತೆ ಹಣೆಗೆ ಹೋಯಿತು. ಪ್ರಯೋಗಶಾಲೆಯಲ್ಲಿ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದರು. ಆದರೂ ಸೀಸೆಗಳ ಹತ್ತಿರ ಹೋಗಲಿಲ್ಲ. ಸ್ಟೂಲಿನ ಮೇಲೆ ಕುಳಿತು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡರು. ವಿಶಾಲಾಕ್ಷಿಯೇ ಹಾರ್ಮೋನು ಬೆರೆಸಿ, ಬಾಗಿ ನೋಡಿದಳು.

"ಕಾಣಸ್ತದೇನು?"

"ಸ್ವಲ್ಪ. ಭಾಳ ಸ್ವಲ್ಪ, ಸರ್. ಇದ್ದರ ಇರಬಹುದು ಅನ್ನೂವಷ್ಟು."

"ನೋಟ್‌ಬುಕ್ಕಿನ್ಯಾಗ ಹಂಗಽ ಬರಿ," ಎಂದರು ಕುಮಾರಯ್ಯನವರು.